ಆದವಾನಿ ಸೀಮೆಯಲ್ಲಿ ನಾಲಗೆ ತಿದ್ದಿದ ಚರಿತ್ರೆ

ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ ಆದವಾನಿ, ಆಲೂರು, ಪತ್ತಿಕೊಂಡ, ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರ್ವಿ, ಮಂತ್ರಾಲಯಗಳನ್ನು ಒಳಗೊಂಡು ತುಂಗಭದ್ರೆಯ ತನಕ ಹರಡಿರುವ ಎರೆನೆಲದ ಸೀಮೆಯಲ್ಲಿ ತೆಲುಗು, ಕನ್ನಡ, ದಖನಿ ಉರ್ದು ಈ ಮೂರೂ ನುಡಿಗಳು ಶತಮಾನಗಳಿಂದ ಒಂದೇ ಓಣಿಯಲ್ಲಿ ಬದುಕಿವೆ. ತಾಯಿನುಡಿಯ ಜೊತೆಗೆ ಮತ್ತೊಂದನ್ನು ಆಡಲು ಕಲಿಯದೆ ಇಲ್ಲಿ ಸಂತೆ, ಕಚೇರಿ, ನೆಂಟಸ್ತಿಕೆ ಯಾವುದೂ ನಡೆಯುವುದಿಲ್ಲವಾದ್ದರಿಂದ, ಎರಡನೆಯ ಭಾಷೆಯ ಕಲಿಕೆಗೆ ಇಲ್ಲಿ ಶಾಲೆಗಿಂತ ಹಳೆಯ ಚರಿತ್ರೆಯಿದೆ. ಕಲಿಯುವವರ ಮಾತಿನಲ್ಲಿ ತಪ್ಪು ಬಂದಾಗ ಕೇಳುವವರು ಕೊಡುವ ಪ್ರತಿಕ್ರಿಯೆಯನ್ನು, ಅದು ಗದರಿಕೆಯಾಗಿರಲಿ, ಸರಿರೂಪವನ್ನು ಮೆಲ್ಲಗೆ ಮರಳಿ ಹೇಳುವುದಾಗಿರಲಿ, ಭಾಷಾಬೋಧನೆಯ ಶಾಸ್ತ್ರದಲ್ಲಿ ತಿದ್ದುವ ಹಿಮ್ಮಾಹಿತಿ ಎಂದು ಕರೆಯುತ್ತಾರೆ. ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ಸುಮಾರು ಮೂರು ದಶಕಗಳಿಂದ ನಡೆದಿದೆ. ಯಾರ ಕಿವಿ ಯಾರ ನಾಲಗೆಯನ್ನು ಎಷ್ಟರಮಟ್ಟಿಗೆ ತಿದ್ದಿತು ಎಂಬ ಪ್ರಶ್ನೆಯನ್ನು ಹಿಡಿದು ಆದವಾನಿ ಸೀಮೆಯ ಕಲಿಕೆಯನ್ನು ನೋಡಿದರೆ, ಶಾಲೆಗಳ ಸಾಮಾನ್ಯ ಚರಿತ್ರೆಗಳಲ್ಲಿ ಕಾಣದ ಒಂದು ಸಂಗತಿ ಹೊರಬೀಳುತ್ತದೆ: ಇಲ್ಲಿನ ಶಾಲೆ ಬಹುಕಾಲ ಕೈಯನ್ನೂ ನೆನಪನ್ನೂ ತಿದ್ದಿತು, ನಾಲಗೆಯನ್ನು ತಿದ್ದುವ ಹೊಣೆ ಪೇಟೆಗೂ ನೆರೆಮನೆಗೂ ಉಳಿಯಿತು.

ಗುರುಶಿಷ್ಯರ ಪ್ರಸ್ತಾಪವುಳ್ಳ ಈ ಸೀಮೆಯ ಅತಿ ಹಳೆಯ ಬರಹ ಪತ್ತಿಕೊಂಡದ ಕಡೆಯ ಎರ್ರಗುಡಿಯ ಬಂಡೆಗಳ ಮೇಲಿದೆ. 1929ರಲ್ಲಿ ಅನು ಘೋಷ್ ಎಂಬ ಭೂವಿಜ್ಞಾನಿಯ ಕಣ್ಣಿಗೆ ಬಿದ್ದ ಈ ಅಶೋಕನ ಶಾಸನಗಳಲ್ಲಿ, ಶಿಷ್ಯರು ಗುರುವನ್ನು ಗೌರವಿಸಬೇಕೆಂದೂ, ಆನೆಯ ಮಾವುತರು, ಲಿಪಿಕಾರರು, ಬ್ರಾಹ್ಮಣರು ಮುಂತಾದವರು ಹಳೆಯ ರೂಢಿಯಂತೆ ತಮ್ಮ ಶಿಷ್ಯರಿಗೆ ಕಲಿಸಬೇಕೆಂದೂ ಆಜ್ಞೆಯಿದೆ. ಶಾಸನದ ನುಡಿ ಪ್ರಾಕೃತ. ಸುತ್ತಲಿನ ಜನರದು ದ್ರಾವಿಡ ನುಡಿಗಳು. ರಜ್ಜುಕರೆಂಬ ಅಧಿಕಾರಿಗಳು ಭೇರಿ ಹೊಡೆಸಿ ಹಳ್ಳಿಗರಿಗೆ ಈ ಆಜ್ಞೆಯನ್ನು ತಿಳಿಸಬೇಕೆಂಬ ಮಾತು ಅದರಲ್ಲೇ ಇರುವುದರಿಂದ, ಬಂಡೆಯ ಮೇಲಿನ ಭಾಷೆಗೂ ಕೇಳುವವರ ಭಾಷೆಗೂ ನಡುವೆ ನಿಂತು ಮಾತನಾಡಬಲ್ಲವರು ಆಗಲೇ ಬೇಕಾಗಿದ್ದರೆಂದು ಊಹಿಸಬಹುದು. 

ಮುಂದಿನ ಶತಮಾನಗಳಲ್ಲಿ ಆದವಾನಿಯ ಕೋಟೆ ಕೈಯಿಂದ ಕೈಗೆ ಹೋದಂತೆಲ್ಲ ಆಡಳಿತದ ನುಡಿಯೂ ಬದಲಾಯಿತು. ಕನ್ನಡ ಶಾಸನಗಳು ಇಲ್ಲಿ ಎಷ್ಟು ಹಬ್ಬಿದ್ದವೆಂಬುದಕ್ಕೆ, ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳಿಗೆಂದೇ ಮೀಸಲಾದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಅಂದಿನ ಬಳ್ಳಾರಿ ಜಿಲ್ಲೆಗೆ ಸಿಕ್ಕಿರುವ ಸ್ಥಳವೇ ಸಾಕ್ಷಿ. ವಿಜಯನಗರದ ತರುವಾಯ ಬಿಜಾಪುರದ ಆದಿಲ್‌ಶಾಹಿ, ಬಳಿಕ ಮೊಘಲರು, ನಿಜಾಮನ ಮನೆತನದ ಬಸಾಲತ್ ಜಂಗ್, 1786ರಲ್ಲಿ ಮುತ್ತಿಗೆ ಹಾಕಿದ ಟಿಪ್ಪು, 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹೀಗೆ ಒಡೆಯರು ಬಂದುಹೋದರು. ಸಿದ್ದಿ ಮಸೂದ್ ಖಾನನ ಆಳ್ವಿಕೆಯ ಕಾಲದ ಐತಿಹ್ಯವೊಂದು ಮಂತ್ರಾಲಯದ ಭಕ್ತರಲ್ಲಿ ಇಂದಿಗೂ ಪ್ರಚಲಿತ: ಓದುಬರಹ ಅರಿಯದ ವೆಂಕಣ್ಣನೆಂಬ ದನಗಾಹಿ, ನವಾಬನು ಕೊಟ್ಟ ಪತ್ರವನ್ನು ಓದಲಾರದೆ ಕಂಗೆಟ್ಟು ರಾಘವೇಂದ್ರ ಸ್ವಾಮಿಗಳನ್ನು ನೆನೆದ ಕ್ಷಣವೇ ಅದನ್ನು ನಿರರ್ಗಳವಾಗಿ ಓದಿದನೆಂದೂ, ಅದರಿಂದ ಆದವಾನಿಯ ದಿವಾನನಾದನೆಂದೂ ಹೇಳುತ್ತಾರೆ. ಐತಿಹ್ಯ ಚರಿತ್ರೆಯಲ್ಲ, ಆದರೂ ಒಂದು ಅಕ್ಷರವನ್ನೂ ತಿದ್ದಿಸಿಕೊಳ್ಳದೆ ಓದು ಕೈಗೂಡುವುದನ್ನು ಪವಾಡವೆಂದೇ ಈ ಸೀಮೆ ಎಣಿಸಿತೆಂಬುದು ಗಮನಿಸತಕ್ಕದ್ದು.

ಪವಾಡವಿಲ್ಲದ ಕಲಿಕೆ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಅಪರೂಪದ ದಾಖಲೆಯೊಂದು ಉಳಿದಿದೆ. ಕಂಪನಿಗೆ ನಿಜಾಮನು ಬಿಟ್ಟುಕೊಟ್ಟ ದತ್ತ ಜಿಲ್ಲೆಗಳಿಗೆ 1800ರಿಂದ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ, ಮದ್ರಾಸಿನ ಗವರ್ನರನಾದ ಮೇಲೆ 1822ರ ಜೂನ್‌ನಲ್ಲಿ ಪ್ರಾಂತದ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದನು. ಅದಕ್ಕೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿ ಬೇರೆ ಕಲೆಕ್ಟರುಗಳ ಒಣ ಪಟ್ಟಿಗಳಂತಲ್ಲ. ಶಾಲೆಯ ಒಳಗೆ ಏನು ನಡೆಯುತ್ತದೆಂಬುದನ್ನು ಅದು ಬಿಡಿಸಿ ಹೇಳುತ್ತದೆ. ಆದವಾನಿ, ಆಲೂರು, ಪತ್ತಿಕೊಂಡಗಳಷ್ಟೇ ಅಲ್ಲದೆ ಇಂದಿನ ಅನಂತಪುರದ ಸೀಮೆಯೂ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಡೀ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಅವುಗಳಲ್ಲಿ ಓದುತ್ತಿದ್ದವರು 6,641 ಮಂದಿ ಮಾತ್ರ. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಉಳಿದ 23 ಕಡೆಗಳಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಸಂಸ್ಕೃತದ ಶಾಸ್ತ್ರಪಾಠ ನಡೆಯುತ್ತಿತ್ತು. ಕನ್ನಡ ಮತ್ತು ತೆಲುಗು ಶಾಲೆಗಳ ನಡುವಣ ಅಂತರ ಬರಿಯ ಒಂಬತ್ತು. ನೂರಮೂವತ್ತು ವರ್ಷಗಳ ಬಳಿಕ ರಾಜ್ಯಗಳ ಗಡಿ ಎಳೆಯುವಾಗ ಈ ಸೀಮೆ ಯಾರದೆಂದು ವಾದಿಸಿದವರಿಗೆ ಈ ಅಂಕಿಗಳು ಸುಲಭದ ಉತ್ತರ ಕೊಡುತ್ತಿರಲಿಲ್ಲ.

ಕ್ಯಾಂಪ್‌ಬೆಲ್ ವರ್ಣಿಸುವ ಶಾಲೆ, ಕನ್ನಡಿಗರು ಐಗಳ ಮಠವೆಂದೂ ತೆಲುಗರು ವೀಧಿಬಡಿಯೆಂದೂ ಕರೆಯುತ್ತಿದ್ದ ಜಗಲಿಯ ಶಾಲೆ. ಬೆಳಗಿನ ಆರಕ್ಕೆ ಅದು ಸೇರುತ್ತಿತ್ತು. ಮೊದಲು ಬಂದ ಮಗುವಿನ ಅಂಗೈಯಲ್ಲಿ ಮೆಚ್ಚುಗೆಗೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯ ಮಗುವಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲವೆಂದು ಸೊನ್ನೆ. ಮೂರನೆಯವನಿಗೆ ಮೆಲ್ಲನೆಯ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು. ಸೋಮಾರಿಗಳನ್ನು ಎರಡೂ ಕೈ ಕಟ್ಟಿ ಮಾಡಿಗೆ ತೂಗುಹಾಕುವ, ಎರಡೂ ಕಡೆಯ ಹಳಬರ ನೆನಪಿನಲ್ಲಿ ಕೋದಂಡವೆಂದೇ ಉಳಿದ ಶಿಕ್ಷೆಯೂ ಆ ವರದಿಯಲ್ಲಿದೆ. ಅಕ್ಷರಾಭ್ಯಾಸ ನೆಲದ ಮರಳಿನಲ್ಲಿ ಬೆರಳಿನಿಂದ ಆರಂಭವಾಗುತ್ತಿತ್ತು. ಯುರೋಪಿನ ಮಕ್ಕಳಂತೆ ಅಕ್ಷರವನ್ನು ಉಚ್ಚರಿಸುತ್ತ ಕಲಿಯದೆ ಬರೆಯುತ್ತ ಕಲಿಯುತ್ತಾರೆಂದು ಕ್ಯಾಂಪ್‌ಬೆಲ್ ಎತ್ತಿ ಹೇಳಿರುವುದು ಈ ಚರಿತ್ರೆಗೆ ಮುಖ್ಯವಾದ ಮಾತು. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ ಕೈಗೆ ಬರುತ್ತಿತ್ತು. ಹಲಗೆಯೆಂದರೆ ಅಗಲ ಒಂದು ಅಡಿ, ಉದ್ದ ಮೂರು ಅಡಿಯ ಮರದ ತುಂಡನ್ನು ನುಣ್ಣಗೆ ಮಾಡಿ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದದ್ದು. ಕಡತವೆಂದರೆ ಬಟ್ಟೆಗೆ ಗಂಜಿ ಹಾಕಿ ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟದ್ದು. ಎರಡರ ಮೇಲೂ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬರೆಯಬಹುದಾಗಿತ್ತು. ಬರಹದ ತಪ್ಪು ಹಲಗೆಯ ಮೇಲೆ ನಿಲ್ಲುತ್ತದೆ, ಗುರು ಅದರ ಮೇಲೆ ಬೆರಳಿಡಬಲ್ಲ, ಹುಡುಗ ಅದನ್ನು ಅಳಿಸಬಲ್ಲ. ಆಡಿದ ಮಾತಿನ ತಪ್ಪಿಗೆ ಹಾಗೆ ನಿಲ್ಲಲು ಜಾಗವಿರಲಿಲ್ಲ. ಶಾಲೆ ಕೈಯನ್ನು ತಿದ್ದಿ ನಾಲಗೆಯನ್ನು ಬಿಟ್ಟದ್ದಕ್ಕೆ ಗುರುಗಳ ಉದಾಸೀನಕ್ಕಿಂತ ಈ ಉಪಕರಣಗಳ ಸ್ವಭಾವವೇ ದೊಡ್ಡ ಕಾರಣವಾಗಿದ್ದಿರಬೇಕು.

ವರದಿಯಲ್ಲಿ ಕ್ಯಾಂಪ್‌ಬೆಲ್ ಮೆಚ್ಚಿದ್ದು ಒಂದು, ಹಳಿದದ್ದು ಮತ್ತೊಂದು. ಮುಂದಿನ ಹಂತದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಅವನು ಕೊಂಡಾಡುತ್ತಾನೆ. ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿರುವುದು ಯೋಗ್ಯವೇ ಆಗಿದೆ ಎನ್ನುತ್ತಾನೆ. ಮದ್ರಾಸಿನ ಅನಾಥ ಬಾಲಕರ ಆಶ್ರಮದಲ್ಲಿ 1789ರಿಂದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್, ಇಂಥ ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲಿ ಅಳವಡಿಸಿಕೊಂಡು, ಅದನ್ನೇ ಮದ್ರಾಸ್ ಪದ್ಧತಿಯೆಂದು ಬ್ರಿಟನ್ನಿಗೆ ಕೊಂಡೊಯ್ದಿದ್ದನು. ತಿದ್ದುವ ಹಿಮ್ಮಾಹಿತಿಯ ದೃಷ್ಟಿಯಿಂದ ಈ ಪದ್ಧತಿಯ ಗುಣ ಸ್ಪಷ್ಟ: ಒಬ್ಬ ಗುರುವಿನ ಗಮನ ಸಾಲದಿದ್ದ ಕಡೆ ಪ್ರತಿ ಮಗುವಿಗೂ ತಿದ್ದುವ ಒಬ್ಬ ಹಿರಿಯ ಹುಡುಗ ಸಿಗುತ್ತಿದ್ದನು. ದೋಷವೂ ಅಷ್ಟೇ ಸ್ಪಷ್ಟ. ಹಿರಿಯ ಹುಡುಗನ ತಪ್ಪು ಕಿರಿಯನಿಗೆ ಪಾಠವಾಗಿ ಇಳಿಯುತ್ತಿತ್ತು. ಇನ್ನು ಕ್ಯಾಂಪ್‌ಬೆಲ್ ಹಳಿದದ್ದು ಅರ್ಥವಿಲ್ಲದ ಕಂಠಪಾಠವನ್ನು. ರಾಮಾಯಣ, ಮಹಾಭಾರತ, ಭಾಗವತಗಳೂ, ಲಿಂಗವಂತರ ಮಕ್ಕಳಿಗೆ ಬಸವಪುರಾಣ, ಚೆನ್ನಬಸವಪುರಾಣ ಮೊದಲಾದ ಕಾವ್ಯಗಳೂ ಪಠ್ಯಗಳಾಗಿದ್ದವು. ಅವುಗಳ ಪದ್ಯಭಾಷೆ ಮಕ್ಕಳು ಆಡುವ ಭಾಷೆಯಿಂದ ಬಹುದೂರ ಸರಿದಿದ್ದರಿಂದ, ನೂರಾರು ಪದ್ಯ ಒಪ್ಪಿಸುವ ಹುಡುಗನಿಗೆ ಅವುಗಳ ಅರ್ಥ ಮಾತು ಕಲಿಸಿದ ಗಿಳಿಗೆ ತಿಳಿದುದಕ್ಕಿಂತ ಹೆಚ್ಚೇನೂ ತಿಳಿಯದೆಂಬುದು ಅವನ ದೂರು.

ಈ ದೂರನ್ನು ಬರೆದವನ ಹಿನ್ನೆಲೆಯನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. ಕ್ಯಾಂಪ್‌ಬೆಲ್ ಸ್ವತಃ ತೆಲುಗು ವ್ಯಾಕರಣಕಾರ. ಕಂಪನಿಯ ಎಳೆಯ ಅಧಿಕಾರಿಗಳಿಗೆ ದಕ್ಷಿಣದ ನುಡಿಗಳನ್ನು ಕಲಿಸಲೆಂದು ಎಫ್. ಡಬ್ಲ್ಯೂ. ಎಲ್ಲಿಸ್‌ನ ಮುಂದಾಳುತನದಲ್ಲಿ 1812ರಲ್ಲಿ ಹುಟ್ಟಿದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನಿಂದ ಅವನ ವ್ಯಾಕರಣ 1816ರಲ್ಲಿ ಅಚ್ಚಾಯಿತು. ತೆಲುಗು, ಕನ್ನಡ, ತಮಿಳುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಕುಲದವು ಎಂದು ಎಲ್ಲಿಸ್ ಸಾಧಿಸಿದ ಪ್ರಸಿದ್ಧ ಟಿಪ್ಪಣಿ ಬೆಳಕು ಕಂಡದ್ದು ಆ ಪುಸ್ತಕದ ಪೀಠಿಕೆಯ ಭಾಗವಾಗಿಯೇ. ಕನ್ನಡಕ್ಕೆ ಜಾನ್ ಮೆಕೆರೆಲ್‌ನ ವ್ಯಾಕರಣ 1820ರಲ್ಲಿ ಬಂದಿತು. ಆ ಕಾಲೇಜಿನ ವಿದ್ಯಾರ್ಥಿಯ ಎದುರಿಗೆ ಮುನ್ಷಿಯೊಬ್ಬನು ಕುಳಿತು, ಪ್ರತಿ ಮಾತನ್ನೂ ಕೇಳಿ, ತಪ್ಪಿದಲ್ಲಿ ತಡೆದು, ಸರಿರೂಪ ಹೇಳಿ ಮತ್ತೆ ಆಡಿಸುತ್ತಿದ್ದನು. ಹೀಗೆ ಒಬ್ಬನಿಗೆ ಒಬ್ಬನೆಂಬಂತೆ ನಾಲಗೆ ತಿದ್ದಿಸಿಕೊಳ್ಳುವ ಸೌಕರ್ಯ ಅಂದು ಸಂಬಳ ಕೊಡಬಲ್ಲ ಆಳುವವರಿಗೆ ಮಾತ್ರವಿತ್ತು. ಹನ್ನೆರಡು ಮಕ್ಕಳ ಜಗಲಿಶಾಲೆಯನ್ನು ಅವರು ತೂಗಿದ್ದು ಆ ತಕ್ಕಡಿಯಲ್ಲಿ. ಶಾಲೆಗಳ ಲೆಕ್ಕ ಕೇಳಿದ ಮನ್ರೋ 1827ರ ಜುಲೈ 6ರಂದು ಕಾಲರಾ ತಗಲಿ ತೀರಿಕೊಂಡದ್ದು ಇದೇ ಸೀಮೆಯ ಪತ್ತಿಕೊಂಡದಲ್ಲಿ. ಪತ್ತಿಕೊಂಡ ತಾಲ್ಲೂಕು 1858ರಲ್ಲಿ ಬಳ್ಳಾರಿಯಿಂದ ಕರ್ನೂಲಿಗೆ ಸೇರಿತು.

ನಾಲಗೆಯನ್ನೇ ಗುರಿಯಾಗಿಸಿಕೊಂಡ ತಿದ್ದುವಿಕೆ ಶಾಲೆಯೊಳಗೆ ಇದ್ದದ್ದು ಆ ವರದಿಯ 23 ಸಂಸ್ಕೃತ ಪಾಠಸ್ಥಳಗಳ ನೆರೆಯ ವೇದಪಾಠದಲ್ಲಿ. ಗುರು ಒಮ್ಮೆ ಹೇಳಿದ್ದನ್ನು ಶಿಷ್ಯರು ಎರಡು ಬಾರಿ ಹೇಳುವ, ಸಂಥೆಯೆಂದು ಹೆಸರಾದ ಆ ಕ್ರಮದಲ್ಲಿ ಸ್ವರದ ಏರಿಳಿತ, ಹ್ರಸ್ವದೀರ್ಘ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಯಾವುದು ಜಾರಿದರೂ ಗುರು ಅಲ್ಲೇ ನಿಲ್ಲಿಸುತ್ತಾನೆ. ಕೈಯ ಮೇಲುಕೆಳಗಿನ ಸನ್ನೆಯಿಂದ ಸ್ವರವನ್ನು ಕಣ್ಣಿಗೂ ಕಾಣಿಸುತ್ತಾನೆ. ಶಿಕ್ಷಾಗ್ರಂಥಗಳು ಅವಸರದಿಂದ ಓದುವವನನ್ನೂ, ತಲೆಯಾಡಿಸುತ್ತ ಓದುವವನನ್ನೂ, ಬರೆದದ್ದನ್ನು ನೋಡಿ ಓದುವವನನ್ನೂ, ಅರ್ಥ ತಿಳಿಯದವನನ್ನೂ ಕೀಳು ಪಾಠಕರ ಸಾಲಿಗೆ ಸೇರಿಸಿವೆ. ಆದರೆ ಈ ನಿಷ್ಠುರ ಕಿವಿ ಕಾಯುತ್ತಿದ್ದುದು ಯಾರೂ ಸಂತೆಯಲ್ಲಿ ಆಡದ ನುಡಿಯನ್ನು. ಮಂತ್ರಾಲಯದ ಮಠದ ವಿದ್ಯಾಪೀಠದಲ್ಲಿ ಈ ಪಾಠಕ್ರಮ ಇಂದಿಗೂ ಜೀವಂತವಾಗಿದೆ. ಇದಕ್ಕಿಂತ ಸಡಿಲವಾದ, ಹೆಚ್ಚು ಜನರನ್ನು ಮುಟ್ಟಿದ ಇನ್ನೊಂದು ಕ್ರಮ ಭಜನೆಯದು: 1755ರಲ್ಲಿ ತೀರಿಕೊಂಡ ವಿಜಯದಾಸರ ನೆಲೆಯಾದ ಆಲೂರು ಕಡೆಯ ಚಿಪ್ಪಗಿರಿಯಲ್ಲಿ, ಮನೆಯಲ್ಲಿ ತೆಲುಗು ಆಡುವವರೂ ಕನ್ನಡದ ಪದಗಳನ್ನು ಹಾಡುತ್ತ ಬಂದಿದ್ದಾರೆ; ಅಲ್ಲಿ ಒಬ್ಬನ ತಪ್ಪನ್ನು ಯಾರೂ ಹೆಸರಿಟ್ಟು ಹೇಳುವುದಿಲ್ಲ, ಹಿಮ್ಮೇಳದ ಸರಿಯುಚ್ಚಾರವೇ ಅದನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ.

ಬದುಕಿನ ಮಾತನ್ನು ತಿದ್ದಿದ್ದು ಪೇಟೆ. ಆದವಾನಿಯ ಹತ್ತಿ ಪೇಟೆ ಸುತ್ತಲಿನ ಕನ್ನಡ ತೆಲುಗು ಹಳ್ಳಿಗಳೆರಡರ ರೈತರನ್ನೂ ಎಳೆದುಕೊಂಡದ್ದು. 1871ರಲ್ಲಿ ಮದ್ರಾಸ್ ರೈಲು ಆದವಾನಿಯ ಮೇಲೆ ಹಾದು ರಾಯಚೂರಿನಲ್ಲಿ ಮುಂಬಯಿಯ ಹಳಿಯನ್ನು ಕೂಡಿದ ಮೇಲೆ ದಲ್ಲಾಳಿಗಳು, ಹಮಾಲರು, ವರ್ತಕರು ಎರಡು ಮೂರು ನುಡಿಗಳಲ್ಲಿ ಲೆಕ್ಕ ಒಪ್ಪಿಸಲೇಬೇಕಾಯಿತು. ಇಲ್ಲಿ ಯಾವ ತಪ್ಪು ತಿದ್ದಿಸಿಕೊಂಡಿತು, ಯಾವುದು ಉಳಿಯಿತು ಎಂಬುದನ್ನು ಎರಡು ಉದಾಹರಣೆಗಳಿಂದ ನೋಡಬಹುದು. ಕನ್ನಡದಲ್ಲಿ ಅವನು ಬಂದ, ಅವಳು ಬಂದಳು, ಅದು ಬಂತು ಎಂದು ಮೂರು ಲಿಂಗಗಳಿಗೆ ಕ್ರಿಯಾಪದದ ಮೂರು ರೂಪಗಳು. ತೆಲುಗಿನಲ್ಲಿ ವಾಡು ವಚ್ಚಾಡು ಎಂದು ಗಂಡಸಿಗೆ ಬೇರೆ ರೂಪವಿದ್ದರೂ, ಆಮೆ ವಚ್ಚಿಂದಿ, ಅದಿ ವಚ್ಚಿಂದಿ ಎಂದು ಹೆಂಗಸಿಗೂ ವಸ್ತುವಿಗೂ ಏಕವಚನದಲ್ಲಿ ಒಂದೇ ರೂಪ. ಹೀಗಾಗಿ ತೆಲುಗು ಮನೆಯಿಂದ ಬಂದ ಮಗು ಕನ್ನಡ ಆಡತೊಡಗಿದಾಗ 'ಅಕ್ಕ ಬಂತು' ಎನ್ನುತ್ತದೆ. ನೆರೆಯ ಕನ್ನಡತಿ ವ್ಯಾಕರಣ ಹೇಳುವುದಿಲ್ಲ, 'ಅಕ್ಕ ಬಂದಳಾ? ಯಾವಾಗ?' ಎಂದು ಮಾತು ಮುಂದುವರಿಸುತ್ತಾಳೆ. ಎರಡನೆಯ ಉದಾಹರಣೆ ಉಚ್ಚಾರಣೆಯದು. ತೆಲುಗಿನ ಚಕಾರ ಜಕಾರಗಳು ಅ, ಉ, ಒ ಮುಂತಾದ ಸ್ವರಗಳ ಮುಂದೆ ಹಲ್ಲಿನ ಬಳಿ ಹುಟ್ಟುವ, ತ್ಸ ದ್ಸ ಎಂಬಂಥ ದನಿ ಪಡೆಯುತ್ತವೆ. ಇ, ಎ ಮುಂದೆ ಕನ್ನಡದಂತೆ ತಾಲವ್ಯವಾಗಿಯೇ ಉಳಿಯುತ್ತವೆ. ಚೂಡು, ಚಾಲಾ ಎಂಬ ಮಾತುಗಳನ್ನು ಕನ್ನಡಿಗನು ತನ್ನ ಚಕಾರದಿಂದಲೇ ಆಡುತ್ತಾನೆ. ಅರ್ಥ ಕೆಡುವುದಿಲ್ಲ, ವ್ಯಾಪಾರ ನಿಲ್ಲುವುದಿಲ್ಲ, ಆದ್ದರಿಂದ ಯಾರೂ ತಿದ್ದುವುದಿಲ್ಲ, ತಲೆ ನರೆತರೂ ಆ ಉಚ್ಚಾರ ಹಾಗೆಯೇ ಇರುತ್ತದೆ. ಸಿ. ಪಿ. ಬ್ರೌನ್ ತನ್ನ ತೆಲುಗು ನಿಘಂಟಿನಲ್ಲಿ ಈ ಎರಡು ದನಿಗಳನ್ನು ಬೇರೆ ಗುರುತಿನಿಂದ ತೋರಿಸಿದ್ದನಾದರೂ ಪೇಟೆಗೆ ಆ ಗುರುತು ಬೇಕಾಗಿರಲಿಲ್ಲ. ಮರ್ಯಾದೆಗೂ ಅರ್ಥಕ್ಕೂ ತಾಕುವ ತಪ್ಪನ್ನು ಪೇಟೆ ತಿದ್ದುತ್ತದೆ, ಉಳಿದದ್ದನ್ನು ಸಹಿಸುತ್ತದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಮೈಸೂರಿಗೂ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಹೋದವು. ಆದವಾನಿ ಆಲೂರುಗಳನ್ನು ಕರ್ನೂಲು ಜಿಲ್ಲೆಗೂ ರಾಯದುರ್ಗವನ್ನು ಅನಂತಪುರಕ್ಕೂ ಸೇರಿಸಲಾಯಿತು. ನುಡಿಗಳ ಸ್ಥಾನ ಇದರಿಂದ ತಲೆಕೆಳಗಾಯಿತೆಂದರೆ ತಪ್ಪಲ್ಲ. ಪೇಟೆಯಲ್ಲಿ ಸಮಸಮವಾಗಿದ್ದ ಎರಡು ನುಡಿಗಳಲ್ಲಿ ಒಂದು ರಾಜ್ಯದ ನುಡಿಯಾಗಿ, ಇನ್ನೊಂದು ಅಲ್ಪಸಂಖ್ಯಾತರ ನುಡಿಯಾಯಿತು. 1956ರ ಸಂವಿಧಾನ ತಿದ್ದುಪಡಿಯಿಂದ ಬಂದ 350ಎ ವಿಧಿ ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ಹೇಳಿತು. ಈ ಸೀಮೆಯ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ, ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವೂ ಉಳಿದುಬಂದವು. ಅಲ್ಲಿನ ಮಗುವಿಗೆ ತೆಲುಗು, ಇಂಗ್ಲಿಷ್, ಹಿಂದಿಗಳು ಪಠ್ಯಗಳಾಗಿ ಬಂದವು, ಆದರೆ ಪರೀಕ್ಷೆ ಕೇಳಿದ್ದು ಬರಹವನ್ನೇ. ಕಡತ ಹೋಗಿ ನೋಟ್‌ಪುಸ್ತಕ ಬಂದರೂ ಕೆಂಪು ಶಾಯಿ ತಿದ್ದಿದ್ದು ಕೈಯನ್ನು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಡುಮಾತಿನ ಬೋಧನೆಗೆಂದು ಸುತ್ತಲಿನ ನಗರಗಳಲ್ಲಿ ಸಂಸ್ಥೆಗಳು ಹುಟ್ಟಿದವು: ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ, ಮೈಸೂರಿನಲ್ಲಿ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ. ಧ್ವನಿಸುರುಳಿಯ ಮಾತನ್ನು ಕೇಳಿ ಮರುನುಡಿದು, ತನ್ನ ದನಿಯನ್ನೂ ಮಾದರಿಯನ್ನೂ ಹೋಲಿಸಿಕೊಳ್ಳುವ ಭಾಷಾ ಪ್ರಯೋಗಾಲಯ ಆ ಕಾಲದ ಆದರ್ಶ. ಅದರ ಕೊರತೆಯೆಂದರೆ, ಸುರುಳಿಗೆ ಬಾಯಿ ಇತ್ತು, ಕಿವಿ ಇರಲಿಲ್ಲ; ತನ್ನ ತಪ್ಪನ್ನು ತಾನೇ ಕೇಳಿಸಿಕೊಳ್ಳಬಲ್ಲವನಿಗೆ ಮಾತ್ರ ಅದರಿಂದ ಲಾಭ, ಮತ್ತು ತಪ್ಪು ಮಾಡುವವನಿಗೆ ಬಹುಪಾಲು ಅದೇ ಕೇಳಿಸುವುದಿಲ್ಲ. ಬೆಂಗಳೂರಿನ ಸಂಸ್ಥೆಯಲ್ಲಿ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ಈ ದಾರಿಯನ್ನೇ ಬಿಟ್ಟಿತು. ವ್ಯಾಕರಣದ ಕ್ರಮಬದ್ಧ ಅಭ್ಯಾಸವನ್ನು ಕೈಬಿಟ್ಟು, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆಯಲ್ಲಿ ದಾರಿ ಹುಡುಕುವುದು ಮುಂತಾದ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿದ ಪ್ರಭು, ತಪ್ಪನ್ನು ಎತ್ತಿಕೊಂಡು ಪಾಠ ನಿಲ್ಲಿಸುವ ಯೋಜಿತ ತಿದ್ದುವಿಕೆಯನ್ನೂ, ಕೆಲಸದ ಓಟ ಕೆಡದಂತೆ ಸರಿರೂಪವನ್ನು ಮಾತಿನೊಳಗೇ ಸೇರಿಸಿಬಿಡುವ ಪ್ರಾಸಂಗಿಕ ತಿದ್ದುವಿಕೆಯನ್ನೂ ಬೇರ್ಪಡಿಸಿ ಎರಡನೆಯದನ್ನು ಆರಿಸಿಕೊಂಡರು. ಆದವಾನಿಯ ಓಣಿಯ ಕನ್ನಡತಿ ಮಾಡುತ್ತ ಬಂದದ್ದು ಇದನ್ನೇ.

ಆದರೆ ಅಂಥ ಮೆಲುತಿದ್ದು ಕಲಿಯುವವರಿಗೆ ಎಷ್ಟು ತಾಕುತ್ತದೆಂಬ ಸಂಶಯ 1997ರಲ್ಲಿ ಗಟ್ಟಿಯಾಯಿತು. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದುವ ಇಂಗ್ಲಿಷ್ ಮಕ್ಕಳ ನಾಲ್ಕು ತರಗತಿಗಳನ್ನು ಗಮನಿಸಿದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ, ಶಿಕ್ಷಕರ ತಿದ್ದುವಿಕೆಯಲ್ಲಿ ಶೇಕಡಾ 55ರಷ್ಟು ಇಂಥ ಮರುನುಡಿತವೇ ಆಗಿದ್ದರೂ, ಅದಕ್ಕೆ ಮಕ್ಕಳಿಂದ ಏನಾದರೂ ಪ್ರತಿಕ್ರಿಯೆ ಬಂದದ್ದು ಶೇಕಡಾ 31ರಷ್ಟು ಸಂದರ್ಭಗಳಲ್ಲಿ ಮಾತ್ರವೆಂದು ಕಂಡರು. ಸರಿರೂಪವನ್ನು ಹೇಳದೆ ಮಗುವಿನಿಂದಲೇ ಹೊರಡಿಸುವ ವಿಧಾನಗಳಿಗೆ ಪ್ರತಿಕ್ರಿಯೆ ಬಹಳ ಹೆಚ್ಚಿತ್ತು. ಮಕ್ಕಳು ಮರುನುಡಿತವನ್ನು ಒಪ್ಪಿಗೆಯೆಂದೇ ತಿಳಿಯುತ್ತಾರೆ ಎಂಬುದು ಇದರ ಒಂದು ವಿವರಣೆ. ಹಾಗಿದ್ದರೂ ಓಣಿಯ ಕಲಿಕೆ ಫಲಿಸಿದ್ದಕ್ಕೆ ಕಾರಣ ವರ್ಷಗಟ್ಟಲೆ ದಿನವಿಡೀ ನಡೆದ ಅದರ ಆವರ್ತನೆ. ವಾರಕ್ಕೆ ಕೆಲವೇ ಅವಧಿಗಳ ಶಾಲೆಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು?

ಗಣಕಯಂತ್ರದ ಆಕರ್ಷಣೆ ಹುಟ್ಟಿದ್ದು ಇಲ್ಲಿ. ಬೇಸರವಿಲ್ಲದೆ, ಒಬ್ಬೊಬ್ಬರನ್ನೇ ಕೇಳುತ್ತ ಕುಳಿತಿರಬಲ್ಲ ಮುನ್ಷಿ ಎಲ್ಲರಿಗೂ ದಕ್ಕಬಹುದೆಂಬ ಆಸೆ ಅದರ ಹಿಂದಿದೆ. ಇಂಥ ಯಂತ್ರದ ಕೆಲಸದ ಬಗೆಯನ್ನು ಸರಳವಾಗಿ ಹೀಗೆ ಹೇಳಬಹುದು: ಪರದೆಯ ಮೇಲಿನ ವಾಕ್ಯವನ್ನು ಕಲಿಯುವವನು ಓದುತ್ತಾನೆ, ಯಾವ ದನಿಗಳು ಬರಬೇಕೆಂದು ಯಂತ್ರಕ್ಕೆ ಮೊದಲೇ ಗೊತ್ತು, ಅದು ಧ್ವನಿಮುದ್ರಿಕೆಯನ್ನು ದನಿದನಿಗೆ ಕತ್ತರಿಸಿ, ಪ್ರತಿ ತುಣುಕೂ ನಿರೀಕ್ಷಿಸಿದ ದನಿಯಾಗಿರುವ ಸಂಭವವೆಷ್ಟು, ಬೇರಾವುದೋ ದನಿಯಾಗಿರುವ ಸಂಭವವೆಷ್ಟು ಎಂದು ಹೋಲಿಸುತ್ತದೆ, ಅಂತರ ಒಂದು ಮಿತಿಯನ್ನು ದಾಟಿದರೆ ತಪ್ಪೆಂದು ತೋರಿಸುತ್ತದೆ. ಕೇಂಬ್ರಿಜ್‌ನ ಸಿಲ್ಕೆ ವಿಟ್ ಮತ್ತು ಸ್ಟೀವ್ ಯಂಗ್ 2000ದಲ್ಲಿ ಪ್ರಕಟಿಸಿದ, ಉಚ್ಚಾರಣೆಯ ಒಳಿತಿನ ಅಳತೆಯೆಂಬ ಈ ಲೆಕ್ಕಾಚಾರ ಮುಂದಿನ ಬಹುಪಾಲು ಯಂತ್ರಗಳಿಗೆ ತಳಹದಿಯಾಯಿತು. ಮಿತಿಯನ್ನು ಎಲ್ಲಿಡಬೇಕೆಂಬುದರಲ್ಲೇ ಎಲ್ಲ ತೊಡಕೂ ಇದೆ: ಬಿಗಿಯಾಗಿಟ್ಟರೆ ಸರಿಯಾಗಿ ಆಡಿದವನಿಗೂ ತಪ್ಪೆಂಬ ಮಾತು ಬೀಳುತ್ತದೆ, ಸಡಿಲವಾಗಿಟ್ಟರೆ ತಪ್ಪು ಜಾರಿಹೋಗುತ್ತದೆ. ನೆದರ್ಲೆಂಡ್ಸಿನ ನೈಮೇಖನ್ ವಿಶ್ವವಿದ್ಯಾಲಯದಲ್ಲಿ ಅಂಬ್ರಾ ನೆರಿ, ಕಾಟಿಯಾ ಕುಕ್ಕಿಯಾರಿನಿ, ಹೆಲ್ಮರ್ ಸ್ಟ್ರಿಕ್ ಅವರು ಡಚ್ ಕಲಿಯುವ ವಲಸಿಗರಿಗಾಗಿ ಕಟ್ಟಿದ ವ್ಯವಸ್ಥೆಯ ಜಾಣತನ ಇಲ್ಲಿ ಗಮನಾರ್ಹ. ಎಲ್ಲ ತಪ್ಪನ್ನೂ ಹಿಡಿಯಲು ಹೋಗದೆ, ಮೇಲಿಂದ ಮೇಲೆ ಬರುವ, ತಾನಾಗಿ ಹೋಗದ, ಯಂತ್ರ ನಂಬಿಕೆಯಿಂದ ಗುರುತಿಸಬಲ್ಲ 11 ದನಿಗಳನ್ನಷ್ಟೇ ಅವರು ಆರಿಸಿಕೊಂಡರು. ಒಂದು ಮಾತಿಗೆ ಮೂರಕ್ಕಿಂತ ಹೆಚ್ಚು ತಪ್ಪು ತೋರಿಸದಂತೆ ನೋಡಿಕೊಂಡರು. 2008ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ಯಂತ್ರದ ಹಿಮ್ಮಾಹಿತಿ ಪಡೆದ ಗುಂಪಿನವರ ತಪ್ಪುಗಳು ಆ ದನಿಗಳಲ್ಲಿ ಉಳಿದವರಿಗಿಂತ ಹೆಚ್ಚು ಇಳಿದವು. ಬಳಿಕ ಅದೇ ಬಳಗ ಉಚ್ಚಾರವನ್ನು ದಾಟಿ, ಆಡುವ ವಾಕ್ಯದ ಪದಕ್ರಮವನ್ನೂ ತಿದ್ದುವ ಪ್ರಯೋಗಗಳಿಗೆ ಕೈಹಾಕಿತು.

ಭಾರತದ ಮಕ್ಕಳಿಗೆ ಇಂಥ ಕಿವಿ ದೊಡ್ಡ ಪ್ರಮಾಣದಲ್ಲಿ ಬಂದದ್ದು 2019ರ ಮಾರ್ಚ್‌ನಲ್ಲಿ ಗೂಗಲ್ ಹೊರತಂದ, ಮೊಬೈಲಿನಲ್ಲಿ ನಡೆಯುವ ಬೋಲೋ ಎಂಬ ಓದುವ ಆ್ಯಪ್‌ನಿಂದ. ಮಗು ಗಟ್ಟಿಯಾಗಿ ಓದುತ್ತಿದ್ದರೆ ದಿಯಾ ಎಂಬ ಚಿತ್ರಪಾತ್ರ ಕೇಳಿಸಿಕೊಂಡು, ತಡವರಿಸಿದಲ್ಲಿ ಪದವನ್ನು ಉಚ್ಚರಿಸಿ ತೋರಿಸುತ್ತಿತ್ತು. 2020ರಲ್ಲಿ ರೀಡ್ ಅಲಾಂಗ್ ಎಂಬ ಹೆಸರಿನಿಂದ ಅದು ಒಂಬತ್ತು ಭಾಷೆಗಳಲ್ಲಿ ಲೋಕಕ್ಕೆಲ್ಲ ತೆರೆದಾಗ ಆ ಪಟ್ಟಿಯಲ್ಲಿ ತೆಲುಗು ಇತ್ತು, ಉರ್ದು ಇತ್ತು, ಕನ್ನಡ ಇರಲಿಲ್ಲ. ಆದವಾನಿಯ ಮೂರು ನುಡಿಗಳಲ್ಲಿ ಯಂತ್ರ ಆಗ ಕೇಳಬಲ್ಲುದಾದದ್ದು ಎರಡನ್ನು. ಅದೇ ವರ್ಷಗಳಲ್ಲಿ ರಾಜ್ಯದ ಶಾಲೆಗಳಲ್ಲಿ ಇಂಗ್ಲಿಷಿನ ಒತ್ತಡ ಏರುತ್ತಿತ್ತು. ಒಂದರಿಂದ ಆರನೆಯ ತರಗತಿಯವರೆಗಿನ ಎಲ್ಲ ಸರ್ಕಾರಿ ಶಾಲೆಗಳನ್ನೂ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ 2019ರ ನವೆಂಬರಿನ ಸರ್ಕಾರಿ ಆದೇಶವನ್ನು ಹೈಕೋರ್ಟು 2020ರ ಏಪ್ರಿಲ್‌ನಲ್ಲಿ ರದ್ದುಮಾಡಿತು. 2022ರ ಡಿಸೆಂಬರಿನಲ್ಲಿ ಎಂಟನೆಯ ತರಗತಿಯವರಿಗೆ ಟ್ಯಾಬ್ ಹಂಚಿಕೆ ಆರಂಭವಾಯಿತು. 2023ರ ಜೂನ್‌ನಲ್ಲಿ ಇಂಗ್ಲಿಷ್ ಸಾಮರ್ಥ್ಯವನ್ನು ಅಳೆಯುವ ಟೋಫೆಲ್ ಪರೀಕ್ಷೆಗಾಗಿ ಅಮೆರಿಕದ ಇ.ಟಿ.ಎಸ್. ಸಂಸ್ಥೆಯೊಡನೆ ಒಪ್ಪಂದವಾಯಿತು. ಮರಳಿನ ಕಾಲದಿಂದ ಬರಹವನ್ನೇ ಕೇಳುತ್ತ ಬಂದ ಶಾಲೆ ಆಡುಮಾತಿಗೂ ಅಂಕ ಕೊಡುವ ದಿಕ್ಕಿಗೆ ತಿರುಗಿದ್ದು ಹೀಗೆ, ಅದೂ ಮೂರೂ ಮನೆನುಡಿಗಳನ್ನು ಬಿಟ್ಟು ಇಂಗ್ಲಿಷಿನಲ್ಲಿ.

ಯಂತ್ರದ ಕಿವಿ ತನ್ನಷ್ಟಕ್ಕೆ ತಟಸ್ಥವಲ್ಲ; ಅದು ಯಾರ ದನಿಗಳನ್ನು ಕೇಳಿ ಕಲಿತಿತೋ ಅವರ ಉಚ್ಚಾರವೇ ಅದಕ್ಕೆ ಮಾದರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ, ತೆಲುಗು ಮುಂತಾದ ತಾಯಿನುಡಿಗಳ ಭಾರತೀಯರು ಆಡಿದ ಇಂಗ್ಲಿಷನ್ನು ಮುದ್ರಿಸಿ ವಾಯ್ಸ್‌ಟ್ಯೂಟರ್ ಎಂಬ ಧ್ವನಿಸಂಗ್ರಹ ಕಟ್ಟಿರುವುದೂ, ಅಲ್ಲಿಯೇ ವಾಣಿ ಯೋಜನೆಯಡಿ ಜಿಲ್ಲೆಜಿಲ್ಲೆಯ ಆಡುಮಾತನ್ನು ಸಂಗ್ರಹಿಸುತ್ತಿರುವುದೂ ಈ ಕೊರತೆಯನ್ನು ತುಂಬಲೆಂದೇ. ಆದವಾನಿಯ ಮಗುವಿಗೆ ತೆಲುಗು ಕಲಿಸುವ ಯಂತ್ರವೊಂದು ಬಂದರೆ, ಕನ್ನಡದ ಚಕಾರದಿಂದ ಆಡಿದ 'ಚೂಡು'ವನ್ನು ಅದು ಮೊದಲ ದಿನವೇ ತಪ್ಪೆಂದು ಹಿಡಿಯಬಲ್ಲದು. ದನಿ ದನಿಗಳ ಅಂತರ ಅಳೆಯುವುದು ಅದರ ಹುಟ್ಟುಗುಣ. ಅಂಥದೇ ಯಂತ್ರ ಕನ್ನಡ ಕಲಿಸುವಾಗಲಾದರೋ, 'ಅಕ್ಕ ಬಂತು' ಎಂಬುದರಲ್ಲಿ ಪ್ರತಿಯೊಂದು ದನಿಯೂ ಶುದ್ಧವಾಗಿರುವುದರಿಂದ ಅದಕ್ಕೆ ಪೂರ್ಣ ಅಂಕ ಬೀಳುತ್ತದೆ, ವಾಕ್ಯದ ಕಟ್ಟನ್ನೂ ಕೇಳುವ ಇನ್ನೊಂದು ಕಿವಿಯನ್ನು ಜೋಡಿಸುವ ತನಕ.